ನಿಲ್ಲುವ ಕೆಲಸದ ಮಿಸ್ ವರ್ನೆಟ್ಟಾ

ಮಿಸ್ ವರ್ನೆಟ್ಟಾ ಪಂಫ್ರಿ ಯಾವ ಚುನಾವಣೆಗೂ ನಿಂತವರಲ್ಲ. ಆದರೆ ಕಾಂಗ್ರೆಸ್ಸಿನ ಬಾಗಿಲಲ್ಲಿ ಅವರಷ್ಟು ಹೊತ್ತು ನಿಂತವರು ವಾಷಿಂಗ್ಟನ್ನಿನಲ್ಲಿ ಇನ್ನೊಬ್ಬರು ಸಿಗಲಾರರು. ಕಾಂಗ್ರೆಸ್ ಎಂದರೆ ಇಲ್ಲಿ ಪಕ್ಷವೂ ಅಲ್ಲ, ಬೆಂಗಳೂರಿನ ಬೇಕರಿಯ ಖಾರದ ಕಡಲೆಬೀಜವೂ ಅಲ್ಲ. ಬೆಟ್ಟದ ಮೇಲೆ ಬಿಳಿ ಗುಮ್ಮಟ ಹೊತ್ತು ಕೂತಿರುವ ಸಂಸತ್ತು. ನಮ್ಮ ಬೀದಿಯ ತುದಿಯಿಂದ ಆ ಗುಮ್ಮಟ ಚೆನ್ನಾಗಿ ಕಾಣುತ್ತದೆ. ಅಲ್ಲಿಂದ ನಮ್ಮ ಬೀದಿ ಕಾಣುವುದಿಲ್ಲ. ಕಣ್ಣಿನ ದೋಷವಿರಬೇಕು.

ನಿಲ್ಲುವುದೇ ಮಿಸ್ ವರ್ನೆಟ್ಟಾರ ಉದ್ಯೋಗ. ಆ ಕಟ್ಟಡಗಳಲ್ಲಿ ದಿನಾ ಯಾವುದಾದರೊಂದು ಮಸೂದೆಯ ಮೇಲೆ ಸಮಿತಿಯ ವಿಚಾರಣೆ ನಡೆಯುತ್ತದೆ. ಸಾರ್ವಜನಿಕರು ಬಂದು ಕೂತು ಕೇಳಬಹುದು. ಆದರೆ ಸಾರ್ವಜನಿಕರ ಕುರ್ಚಿಗಳು ಕೆಲವೇ ಕೆಲವು, ಮೊದಲು ಬಂದವರಿಗೆ ಮಾತ್ರ. ಔಷಧ ಕಂಪನಿಯವರಿಗೂ ಬ್ಯಾಂಕಿನವರಿಗೂ ವಕಾಲತ್ತು ವಹಿಸುವ ಲಾಬಿಯ ಜನಕ್ಕೆ ಆ ಕುರ್ಚಿ ಬೇಕು, ಕ್ಯೂ ಬೇಡ. ಅದಕ್ಕೊಂದು ಏಜೆನ್ಸಿ ಇದೆ. ಅದು ನದಿಯಾಚೆಯ ನಮ್ಮಂಥ ಕಪ್ಪುವರ್ಣೀಯರ ಬೀದಿಗಳಿಂದ ಜನರನ್ನು ಬೆಳಕು ಹರಿಯುವ ಮೊದಲೇ ಕಳಿಸಿ ಕ್ಯೂನಲ್ಲಿ ನಿಲ್ಲಿಸುತ್ತದೆ. ಬಾಗಿಲು ತೆರೆಯುವುದಕ್ಕೆ ಸ್ವಲ್ಪ ಮುಂಚೆ ಸೂಟು ಹಾಕಿಕೊಂಡವರು ಕಾಫಿ ಹೀರುತ್ತ ಬರುತ್ತಾರೆ. ತಮ್ಮ ಹೆಸರು ಬರೆದ ರಟ್ಟು ಹಿಡಿದು ನಿಂತವರನ್ನು ಹುಡುಕುತ್ತಾರೆ. ನಿಂತವರು ಪಕ್ಕಕ್ಕೆ ಸರಿಯುತ್ತಾರೆ, ಬಂದವರು ಒಳಗೆ ಹೋಗಿ ಕೂರುತ್ತಾರೆ. ನಿಲ್ಲುವವರು ನಾವು, ಕೂರುವವರು ಅವರು. ಇದಕ್ಕೆ ಈ ಊರಿನಲ್ಲಿ ಪ್ರಜಾಪ್ರಭುತ್ವ ಎನ್ನುತ್ತಾರೆ. ಪ್ರಜೆ ಹೊರಗೆ, ಪ್ರಭುತ್ವ ಒಳಗೆ.

ಅದಕ್ಕೂ ಮೊದಲು ಮಿಸ್ ವರ್ನೆಟ್ಟಾ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಬಡಿಸಿದವರು. ಅದೂ ನಿಂತು ಮಾಡುವ ಕೆಲಸವೇ. "ನನ್ನ ಮಂಡಿ ಎರಡಕ್ಕೂ ಪಿಂಚಣಿ ಬಂತು, ನನಗೆ ಸಾಕಾಗೋಷ್ಟು ಬರ್ಲಿಲ್ಲ" ಎನ್ನುತ್ತಿದ್ದರು. ಎತ್ತರದ ಆಳು, ದಪ್ಪ ದನಿ, ಭಾನುವಾರ ಚರ್ಚಿಗೆ ಹೋಗುವಾಗ ತಲೆಯ ಮೇಲೆ ಹಡಗಿನಂಥ ಟೋಪಿ. ಕೋಪ ಬಂದಾಗ ಅವರು ಕಿರುಚುವುದಿಲ್ಲ. ದನಿ ತಗ್ಗಿಸುತ್ತಾರೆ. ಆಗ ನಮ್ಮ ಬೀದಿಯ ನಾಯಿಗಳೂ ಮೆಟ್ಟಿಲ ಕೆಳಗೆ ಹೋಗಿ ಕೂರುತ್ತವೆ.

ಕೋಪಕ್ಕೆ ಕಾರಣಗಳು ಮನೆಯಲ್ಲೇ ಇದ್ದವು. ಅವರು ಹುಟ್ಟಿದ್ದು ನೈಋತ್ಯ ಭಾಗದ ಒಂದು ಓಣಿಯಲ್ಲಿ, ಗುಮ್ಮಟದಿಂದ ಕೂಗಿದರೆ ಕೇಳುವಷ್ಟು ಹತ್ತಿರ. ನಗರವನ್ನು ಚೆಂದ ಮಾಡುತ್ತೇವೆಂದು ಮೇಲಿನವರು ಆ ಓಣಿಯನ್ನೇ ಗುಡಿಸಿ ಹಾಕಿದರು. ಮನೆ ಬಿಟ್ಟವರು ನದಿ ದಾಟಿ ಬಂದರು. ಬೇಡ ಎನ್ನಲು ಅವರಮ್ಮನಿಗೆ ಮೇಯರನ್ನು ಆರಿಸುವ ಹಕ್ಕೂ ಇರಲಿಲ್ಲ, ಅಧ್ಯಕ್ಷರನ್ನು ಆರಿಸುವ ಹಕ್ಕೂ ಇರಲಿಲ್ಲ. ಆಮೇಲೆ ಅವೆರಡೂ ಹೇಗೋ ಬಂದವು. ಆದರೆ ನಮ್ಮ ಊರು ಬರೀ ರಾಜಧಾನಿ, ರಾಜ್ಯವಲ್ಲ; ಅದಕ್ಕೇ ಇವತ್ತಿಗೂ ಮೇಲ್ಮನೆಯಲ್ಲಿ ನಮ್ಮವರು ಯಾರೂ ಇಲ್ಲ. ಕೆಳಮನೆಯಲ್ಲಿ ಒಬ್ಬರಿದ್ದಾರೆ, ಅವರು ಮಾತಾಡಬಹುದು, ಮಸೂದೆಯ ಕೊನೆಯ ಎಣಿಕೆಯಲ್ಲಿ ಮತ ಹಾಕುವಂತಿಲ್ಲ. ದೀರ್ಘವಾದ ಮಾತು ಕೊಟ್ಟಿದ್ದಾರೆ, ಹ್ರಸ್ವವಾದ ಮತ ಕೊಟ್ಟಿಲ್ಲ. ತೆರಿಗೆ ಮಾತ್ರ ಒಂದು ಕಾಸೂ ಬಿಡದೆ ಕಟ್ಟಿಸಿಕೊಳ್ಳುತ್ತಾರೆ. ನಮ್ಮಿಂದ ನಿಧಿ ಬೇಕು, ನಮ್ಮ ಪ್ರತಿನಿಧಿ ಬೇಡ.

ಇನ್ನೂ ಉರಿ ಹತ್ತಿಸುವುದು ಬೀದಿಗಳ ಹೆಸರು. ಐವತ್ತು ರಾಜ್ಯಗಳ ಹೆಸರನ್ನೂ ತಂದು ನಮ್ಮ ರಸ್ತೆಗಳಿಗೆ ಅಂಟಿಸಿದ್ದಾರೆ. ಅಲಬಾಮಾ ಅವೆನ್ಯೂನಲ್ಲಿ ಬಸ್ ಹತ್ತಿ ಪೆನ್ಸಿಲ್ವೇನಿಯಾ ಅವೆನ್ಯೂನಲ್ಲಿ ಇಳಿಯುತ್ತೇವೆ. ರಾಜ್ಯಗಳೆಲ್ಲ ಇಲ್ಲಿ ಬೀದಿಗಳಾಗಿವೆ, ನಾವು ಮಾತ್ರ ಬೀದಿಪಾಲು.

ಆ ಸೆಪ್ಟೆಂಬರಿನಲ್ಲಿ ನಮಗೆ ರಾಜ್ಯದ ಸ್ಥಾನ ಕೊಡುವ ಮಸೂದೆಯ ಮೇಲೆ ಕೆಳಮನೆಯ ಸಮಿತಿ ವಿಚಾರಣೆ ನಡೆಸುತ್ತದೆ ಎಂದು ಸುದ್ದಿಯಾಯಿತು. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ. ಮಿಸ್ ವರ್ನೆಟ್ಟಾ ಏಜೆನ್ಸಿಗೆ ಫೋನ್ ಮಾಡಿದರು. ಫೋನೆತ್ತಿದವನು ಕೆಲಸ ಹಂಚುವ ಬ್ರೆಂಟ್.

"ಬೇಬಿ, ಅವತ್ತು ನನಗೆ ರಜೆ ಬೇಕು."

"ಅವತ್ತಾ? ಮಿಸ್ ವರ್ನೆಟ್ಟಾ, ಅವತ್ತು ಗಿರಾಕಿಗಳು ಮುಗಿಬಿದ್ದಿದಾರೆ. ನಿಮ್ಮನ್ನ ಮೊದಲ ಜಾಗಕ್ಕೆ ಹಾಕಿದೀನಿ. ಏನ್ ಕೆಲಸ ಅವತ್ತು?"

"ಅಲ್ಲೇ ಕ್ಯೂನಲ್ಲಿ ನಿಲ್ಬೇಕು. ನನಗೋಸ್ಕರ."

ಬ್ರೆಂಟ್ ನಕ್ಕ. ಅವನು ಕೆಟ್ಟವನಲ್ಲ, ಅವನ ನಗುವಷ್ಟೇ ಕೆಟ್ಟದು. "ಹೇಗೂ ನಿಲ್ತೀರಲ್ಲ! ನಿಂತ್ಕೊಳಿ, ದುಡ್ಡೂ ಬರುತ್ತೆ. ಬರಲ್ಲ ಅಂದ್ರೆ ನಿಮ್ಮ ಹೆಸರು ತೆಗೆದು ಇನ್ನೊಬ್ಬರನ್ನ ಹಾಕ್ತೀನಿ. ಆಮೇಲೆ ಮತ್ತೆ ಸೇರಿಸೋಕೆ ಆಗಲ್ಲ, ಈಗಲೇ ಹೇಳಿರ್ತೀನಿ."

ಇಷ್ಟು ವರ್ಷ ಆ ಬಾಗಿಲುಗಳ ಹಿತ್ತಾಳೆ ಹಿಡಿಗಳನ್ನು ನೋಡಿ ನೋಡಿ ಅವರಿಗೆ ಬಾಯಿಪಾಠವಾಗಿತ್ತು. ಒಳಗಿನ ಒಂದು ಕುರ್ಚಿಯ ಬಣ್ಣವೂ ಗೊತ್ತಿರಲಿಲ್ಲ. ಒಂದು ಸಲ, ತನ್ನ ಊರಿನ ಹಣೆಬರಹ ಚರ್ಚೆಯಾಗುವ ಒಂದೇ ಒಂದು ಸಲ, ಒಳಗೆ ಕೂತು ಕೇಳಬೇಕು. ಅವರ ಆಸೆ ಅಷ್ಟೇ ಇತ್ತು. ಆದರೆ ಆ ಕೆಲಸವಿಲ್ಲದೆ ಮನೆಗೆ ಹೀಟರಿನ ಎಣ್ಣೆ ಬರುವುದಿಲ್ಲ. "ಆಗ್ಲಿ, ನಿಲ್ತೀನಿ" ಎಂದು ಫೋನಿಟ್ಟರು. ನಮ್ಮ ಮನೆಯ ಅಡುಗೆಕೋಣೆಗೆ ಬಂದು, ನಾನು ಕೊಟ್ಟ ಚಹಾ ಕುಡಿಯದೆ, ಬರೀ ಲೋಟವನ್ನೇ ನೋಡಿ ಹೋದರು. ನಾಯಿಗಳು ಮೆಟ್ಟಿಲ ಕೆಳಗೆ ಸೇರಿಕೊಂಡವು.

ವಿಚಾರಣೆಯ ದಿನ ಬೆಳಿಗ್ಗೆ ಕ್ಯೂ ಕಟ್ಟಡವನ್ನು ಸುತ್ತಿಕೊಂಡಿತ್ತು. ಮುಂದೆ ಮಿಸ್ ವರ್ನೆಟ್ಟಾ, ಅವರ ಹಿಂದೆ ಟಿಬ್ಸ್. ಕ್ಲೀವ್‌ಲಂಡ್ ಟಿಬ್ಸ್ ಹಳೆಯ ಪ್ರೆಸ್ ಕೆಲಸಗಾರ, ಮಾತಿನ ಮಲ್ಲ, ಅವರ ಜತೆ ವರ್ಷಗಟ್ಟಲೆ ನಿಂತವನು. ಕಟ್ಟಡದೊಳಗಿನ ಕಾರಿಡಾರಿಗೆ ಬಿಟ್ಟ ಮೇಲೆ ಮಡಚುವ ಕುರ್ಚಿ ನಿಷೇಧ. ಇಬ್ಬರೂ ಗೋಡೆಗೊರಗಿ ಕರಿದ ಮೀನಿನ ಸ್ಯಾಂಡ್‌ವಿಚ್ ಹಂಚಿಕೊಂಡರು. ನ್ಯಾಯವಾಗಿ ನೋಡಿದರೆ ವಿಚಾರಣೆ ಅಲ್ಲೇ ಶುರುವಾಯಿತು.

"ರಾಜ್ಯ ಅಂತ ಬಾವುಟದಲ್ಲಿ ಇನ್ನೊಂದು ನಕ್ಷತ್ರ ನನಗೆ ಬೇಡಮ್ಮ. ಓಟು ಬೇಕು" ಎಂದ ಟಿಬ್ಸ್. "ಪಕ್ಕದ ಮೇರಿಲ್ಯಾಂಡಿಗೆ ಸೇರಿಸಿಬಿಡ್ಲಿ, ಮುಗೀತು. ನಮ್ಮ ನೆಲ ಮೊದ್ಲು ಅವರದ್ದೇ ತಾನೆ?"

"ಮೇರಿಲ್ಯಾಂಡಿನವರು ನಮ್ಮನ್ನ ಕೇಳಿದ್ರಾ?"

"ಇಲ್ಲ."

"ನಾವು ಅವರನ್ನ ಕೇಳಿದ್ವಾ?"

"ನನ್ನ ಮಗಳು ಅಲ್ಲೇ ಇದಾಳೆ. ಕೇಳ್ಬೇಕಾದ್ರೆ ಫೋನ್ ಮಾಡ್ತೀನಿ."

"ಗಂಡಿಗೂ ಬೇಡ, ಹೆಣ್ಣಿಗೂ ಬೇಡ, ಮದುವೆ ಮಾಡಿಸೋ ಪಾಸ್ಟರಿಗೆ ಮಾತ್ರ ಅವಸರ! ವಯೋಮಿಂಗಿನಲ್ಲಿ ನಮಗಿಂತ ಕಮ್ಮಿ ಜನ ಇದಾರೆ ಕಣೋ. ಮೇಲ್ಮನೆಗೆ ಇಬ್ಬರನ್ನ ಕಳಿಸ್ತಾರೆ. ಅವರನ್ನ ಯಾರಾದ್ರೂ ಹೋಗಿ ಪಕ್ಕದ ರಾಜ್ಯಕ್ಕೆ ಸೇರ್ಕೊಳಿ ಅಂತಾರಾ?"

"ಅಲ್ಲಿ ಹಸುಗಳಿವೆಯಮ್ಮ. ಹಸು ಸೇರಿಸಿದ್ರೆ ಅವರೇ ಜಾಸ್ತಿ."

"ಹಸುವಿಗಾದ್ರೂ ಇಬ್ಬರು ಸೆನೆಟರ್ ಇದಾರೆ. ನನಗೆ?"

ಕ್ಯೂನಲ್ಲಿದ್ದ ಒಬ್ಬ ಹುಡುಗ, ಕೋಟು ಹಾಕಿಕೊಂಡವನು, ಯಾವುದೋ ಸದಸ್ಯರ ಕಚೇರಿಯವನಿರಬೇಕು, ಮಧ್ಯೆ ಬಾಯಿ ಹಾಕಿದ. "ಮ್ಯಾಮ್, ರಾಜಧಾನಿ ಯಾವ ರಾಜ್ಯಕ್ಕೂ ಸೇರಬಾರದು ಅನ್ನೋದು ಸಂವಿಧಾನ ಬರೆದವರ ಆಸೆ."

"ಅವರು ಬರೀವಾಗ ನಮ್ಮ ಹಿರೀಕರನ್ನ ಕೊಳ್ಳೋದೂ ಮಾರೋದೂ ನಡೀತಿತ್ತು ಮಗಾ. ಅದೂ ಅವರ ಆಸೇನೇ. ಅವರ ಎಲ್ಲಾ ಆಸೆ ಪೂರೈಸ್ಬೇಕಾ?"

ಹುಡುಗ ಫೋನಿನಲ್ಲಿ ಏನನ್ನೋ ಹುಡುಕಲು ತೊಡಗಿದ. ಉತ್ತರವನ್ನೇ ಇರಬೇಕು.

ಬಾಗಿಲು ತೆರೆಯುವ ಹೊತ್ತಾಯಿತು. ಸೂಟುಗಳು ಬರಲು ಶುರುವಾದವು. ಮಿಸ್ ವರ್ನೆಟ್ಟಾರ ರಟ್ಟಿನಲ್ಲಿ ಲಿಂಡ್‌ಕ್ವಿಸ್ಟ್ ಎಂದಿತ್ತು. ಅವರು ಯಾವುದೋ ತೈಲ ಕಂಪನಿಯ ದಪ್ಪಗಿನ ಮನುಷ್ಯನನ್ನು ಕಾಯುತ್ತಿದ್ದರು. ಅಂಥವನಿಗೆ ಜಾಗ ಬಿಟ್ಟುಕೊಟ್ಟು, ಮನಸ್ಸಿನಲ್ಲಿ ಶಪಿಸಿ, ಮನೆಗೆ ಬರುವುದು ಅವರಿಗೆ ರೂಢಿಯಾಗಿತ್ತು. ಆದರೆ ಬಂದವನು ತೆಳ್ಳಗಿನ, ಕನ್ನಡಕದ, ಹಸನ್ಮುಖಿ. ಕೋಟಿನ ಒಳಗೆ ಟೀ ಶರ್ಟು. ಅದರ ಮೇಲೆ ಐವತ್ತೊಂದು ನಕ್ಷತ್ರಗಳ ಬಾವುಟ, ಐವತ್ತು ರಾಜ್ಯಕ್ಕೆ ಐವತ್ತು, ನಮಗೊಂದು.

"ಹಾಯ್! ನಾನು ಪೀಟರ್. ನೀವು ಇಷ್ಟೊತ್ತು ನಿಂತಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಿಮ್ಮ ಊರು ಯಾವುದು?"

"ಇದೇ."

"ಅಲ್ಲ, ಮೂಲ ಊರು?"

"ಮೂಲವೂ ಇದೇ, ವ್ಯಾಧಿಯೂ ಇದೇ."

"ಓ! ನಿಜವಾದ ವಾಷಿಂಗ್ಟನ್ನಿನವರು ಸಿಗೋದೇ ಅಪರೂಪ."

"ಏಳು ಲಕ್ಷ ಜನ ಇದೀವಪ್ಪ. ನೀನು ಎಲ್ಲಿ ಹುಡುಕಿದೆ?"

ಅವನು ಕೆಂಪಾದ. "ನಾನು ಮಿನೆಸೋಟಾದವನು."

"ನಾನೂ ಮಿನೆಸೋಟಾದವಳೇ."

"ಹೌದಾ! ಯಾವ ಕಡೆ?"

"ಮಿನೆಸೋಟಾ ಅವೆನ್ಯೂ. ಮೀನಿನ ಅಂಗಡಿ ಪಕ್ಕ."

ಟಿಬ್ಸ್ ಕೆಮ್ಮಿದ. ನಗು ಬಂದರೆ ಅವನು ಕೆಮ್ಮುತ್ತಾನೆ. ಪೀಟರ್ ಕೈ ಎದೆಯ ಮೇಲಿಟ್ಟುಕೊಂಡ, ಸರಿಯಾಗಿ ನಕ್ಷತ್ರಗಳ ಮೇಲೆ. "ಮ್ಯಾಮ್, ನಾನು ನಿಮ್ಮ ಕಡೆಯವನು. ನಮ್ಮ ಸಂಸ್ಥೆ ನಿಮ್ಮ ಹಕ್ಕಿಗಾಗಿ ಹೋರಾಡ್ತಿದೆ. ಇವತ್ತು ಒಳಗೆ ನಿಮ್ಮ ದನಿ ಕೇಳಿಸ್ಬೇಕು ಅಂತಲೇ ನಾನು ಬಂದಿರೋದು."

ಮಿಸ್ ವರ್ನೆಟ್ಟಾರ ದನಿ ತಗ್ಗಿತು.

"ನನ್ನ ದನಿ ಒಳಗೆ ಕೇಳಿಸ್ಬೇಕಾದ್ರೆ ನಾನು ಹೊರಗಿರ್ಬೇಕಾ?"

ಪೀಟರ್‌ಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಮುಖ ನೋಡಿ ಟಿಬ್ಸ್‌ಗೂ ಅಯ್ಯೋ ಎನಿಸಿತಂತೆ. "ಅದು ಹಾಗಲ್ಲ... ನಾನು ವರದಿ ಬರೀಬೇಕು. ನಮ್ಮವರಿಗೆ ಒಬ್ಬ ಪ್ರತಿನಿಧಿ ಒಳಗಿರ್ಬೇಕಲ್ಲ."

"ನಿನ್ನವರಿಗೆ ಎಷ್ಟು ಪ್ರತಿನಿಧಿಗಳಪ್ಪ? ಮೇಲ್ಮನೇಲಿ ಇಬ್ಬರು, ಕೆಳಮನೇಲಿ ಎಂಟು ಜನ. ಈಗ ನೀನೊಬ್ಬ. ನನ್ನವರು ಯಾರು?"

"ನಾನೇ, ಮ್ಯಾಮ್. ನಾನು ನಿಮ್ಮ ಪರವಾಗಿಯೇ..."

"ನನ್ನ ಪರವಾಗಿ ಉಣ್ತೀಯಾ? ನನ್ನ ಮಂಡಿ ನೋವು ತಗೋತೀಯಾ? ಕೂರೋದಷ್ಟೇ ನನ್ನ ಪರವಾಗಿ."

ಕಾವಲಿನವನು ಬಾಗಿಲ ಹಿತ್ತಾಳೆ ಹಿಡಿಗೆ ಕೈ ಹಾಕಿದ. ಪೀಟರ್ ಅವಸರದಲ್ಲಿ ಹೇಳಬಾರದ್ದನ್ನು ಹೇಳಿದ. "ಆದರೆ ನಾನು ದುಡ್ಡು ಕೊಟ್ಟಿದೀನಿ."

"ನಿಲ್ಲೋದಕ್ಕೆ ಕೊಟ್ಟೆ. ನಿಂತೆ. ಅಲ್ಲಿಗೆ ಚುಕ್ತಾ. ಕೂರೋದನ್ನ ನಾನು ಮಾರಿಲ್ಲ."

ಹಿಂದಿನಿಂದ ಟಿಬ್ಸ್ ತೋಳು ಹಿಡಿದ. ಈಗ ಅವನ ಕೆಮ್ಮು ನಿಂತಿತ್ತು. ಕ್ಯೂನವರಿಗೊಂದು ಕಟ್ಟುಪಾಡು ಇದೆ. ಗಿರಾಕಿ ಬಂದ ಮೇಲೆ ಜಾಗ ಗಿರಾಕಿಯದು. ಅದರ ಮೇಲೆ ಎಲ್ಲರ ಅನ್ನ ನಿಂತಿದೆ. "ವರ್ನೆಟ್ಟಾ, ಬೇಡ. ಇವತ್ತು ನೀನು ಹೀಗ್ ಮಾಡಿದ್ರೆ ನಾಳೆ ನಮ್ಮನ್ನ ಯಾರೂ ನಂಬಲ್ಲ. ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೀತಿದೀಯ. ಜಾಗ ಮಾರಿದವಳು ನೀನೇ ತಾನೆ?"

"ಮಾರಿದ್ದು ನಾನಲ್ಲ ಟಿಬ್ಸ್. ನಾವಿಬ್ಬರೂ ಹುಟ್ಟೋಕೆ ಮೊದ್ಲೇ ಯಾರೋ ಮಾರಿದ್ರು. ನಾನು ಬರೀ ಕಾವಲು ಕಾದೆ."

ರಟ್ಟನ್ನು ಪೀಟರ್‌ನ ಕೈಗಿತ್ತು ಮಿಸ್ ವರ್ನೆಟ್ಟಾ ಒಳಗೆ ಹೋದರು.

ಕುರ್ಚಿಯ ಬಣ್ಣ ನೀಲಿ. ಮೆತ್ತಗಿನ ಸೀಟು. "ಅಷ್ಟು ಮೆತ್ತಗಿರುತ್ತೆ ಅಂತ ಗೊತ್ತಿದ್ರೆ ಯಾವತ್ತೋ ಹೋಗಿಬಿಡ್ತಿದ್ದೆ" ಎಂದು ಆಮೇಲೆ ಹೇಳಿದರು. ಎದುರಿಗೆ ಎರಡು ಸಾಲು ಎತ್ತರದ ಪೀಠಗಳಲ್ಲಿ ಸಮಿತಿಯ ಸದಸ್ಯರು. ನಮ್ಮ ಪ್ರತಿನಿಧಿ ಮಾತಾಡಿದರು, ಮೇಯರ್ ಮಾತಾಡಿದರು. ಮಿಸ್ ವರ್ನೆಟ್ಟಾ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಚರ್ಚಿನಲ್ಲಿ ಕೂತಂತೆ ಕೂತು ಕೇಳಿದರು.

ಆಮೇಲೆ ದೂರದ ಒಂದು ಒಣ ರಾಜ್ಯದ ಸದಸ್ಯ ಮೈಕು ಎಳೆದುಕೊಂಡ. ಹೆಸರು ಬೇಡ, ಅವನಿಗೆ ಓಟು ಹಾಕಿದವರೂ ಮರೆತಿರಬಹುದು. ಬಲು ಸೌಜನ್ಯದ ದನಿ. "ಈ ಊರಿನ ಬಗ್ಗೆ ನನಗೆ ಪ್ರೀತಿಯಿದೆ. ವಾರಕ್ಕೆ ನಾಲ್ಕು ದಿನ ಇಲ್ಲೇ ಇರುತ್ತೇನೆ. ಆದರೆ ಪ್ರಾಮಾಣಿಕವಾಗಿ ಮಾತಾಡೋಣ. ಈ ಊರಿಗೆ ಊರಿನವರೇ ಇಲ್ಲ. ಜನ ಬರುತ್ತಾರೆ, ಕೆಲಸ ಮಾಡುತ್ತಾರೆ, ಹೋಗುತ್ತಾರೆ. ಇದೊಂದು ದೊಡ್ಡ ಹೋಟೆಲು. ಹೋಟೆಲಿಗೆ ಯಾರಾದರೂ ರಾಜ್ಯದ ಸ್ಥಾನ ಕೊಡುತ್ತಾರೆಯೇ?"

"ನಾನಿದೀನಿ" ಎಂದರು ಮಿಸ್ ವರ್ನೆಟ್ಟಾ. ಕೂತಲ್ಲಿಂದಲೇ, ತಗ್ಗಿದ ದನಿಯಲ್ಲಿ. ಆದರೆ ಆ ದನಿ ಕೋಣೆಯ ಮೂಲೆಮೂಲೆಗೂ ಹೋಯಿತು.

ಸಮಿತಿಯ ಅಧ್ಯಕ್ಷರು ಸುತ್ತಿಗೆ ಕುಟ್ಟಿದರು. "ಸಾರ್ವಜನಿಕರು ಮಾತಾಡುವಂತಿಲ್ಲ."

ಒಣ ರಾಜ್ಯದವನು ಮುಗುಳ್ನಕ್ಕ. "ನೋಡಿ, ಹೋಟೆಲಿನಲ್ಲಿ ಕೋಣೆ ಸರಿಯಿಲ್ಲ ಎಂದು ಯಾರೋ ದೂರುತ್ತಿದ್ದಾರೆ."

ಕೆಲವರು ನಕ್ಕರು. ಮಿಸ್ ವರ್ನೆಟ್ಟಾ ಎದ್ದರು. ಇಷ್ಟು ವರ್ಷ ದುಡ್ಡಿಗೆ ನಿಂತಿದ್ದ ಮಂಡಿಗಳು ಆಗ ಬಿಟ್ಟಿಯಾಗಿ ನಿಂತವು.

"ಕೋಣೆ ಅಲ್ಲ ಸರ್, ಮನೆ. ಇಲ್ಲೇ ಕೆಳಗೆ ಇತ್ತು. ನಿಮ್ಮ ಹಿಂದಿನವರು ಕೆಡವಿದ್ರು. ನನ್ನಮ್ಮ ಆ ಮನೆ ಮೆಟ್ಟಿಲನ್ನ ಕೆಡವೋ ಹಿಂದಿನ ದಿನಾನೂ ಸಾಬೂನು ಹಾಕಿ ತೊಳೆದಿದ್ಲು. ಹೋಟೆಲಿನವರು ಯಾರಾದ್ರೂ ಮೆಟ್ಟಿಲು ತೊಳೀತಾರಾ? ನೀವು ನಾಲ್ಕು ದಿನ ಇದ್ದು ಹೋಗ್ತೀರಿ. ಅತಿಥಿ ನೀವು. ನಾನು ಇಲ್ಲೇ ಹುಟ್ಟಿದೀನಿ, ಇಲ್ಲೇ ತೆರಿಗೆ ಕಟ್ಟಿದೀನಿ, ನಿಮ್ಮ ಬಾಗಿಲ ಮುಂದೆ ನಿಂತೂ ನಿಂತೂ..."

ಅಷ್ಟರಲ್ಲಿ ಪೊಲೀಸಿನವನು ಬಂದು ಮೊಣಕೈ ಹಿಡಿದಿದ್ದ. ಅವನೂ ನಮ್ಮ ಬಣ್ಣದವನೇ, ಗಡಿಯಾಚೆ ಮೇರಿಲ್ಯಾಂಡಿನವನು. "ಮ್ಯಾಮ್, ದಯವಿಟ್ಟು. ನನ್ನ ಅಜ್ಜಿಯ ಹಾಗಿದೀರಿ, ಎತ್ಕೊಂಡು ಹೋಗೋ ಹಾಗೆ ಮಾಡ್ಬೇಡಿ."

"ನಿನ್ನ ಅಜ್ಜಿಗೆ ಮೇಲ್ಮನೆ ಓಟಿದೆಯಾ?"

"ಇದೆ, ಮ್ಯಾಮ್."

"ಹಾಗಾದ್ರೆ ನಾನು ನಿನ್ನ ಅಜ್ಜಿಯ ಹಾಗಿಲ್ಲ."

ಖಾಲಿಯಾದ ಕುರ್ಚಿಗೆ ಕ್ಯೂನಲ್ಲಿ ಮುಂದಿದ್ದವರನ್ನು ಬಿಡುವುದು ನಿಯಮ. ಕುರ್ಚಿಗಳೆಲ್ಲ ತುಂಬಿದ ಮೇಲೂ ರಟ್ಟು ಹಿಡಿದು ಬಾಗಿಲಲ್ಲೇ ಕಾದು ಮುಂದಿದ್ದವನು ಪೀಟರ್ ಲಿಂಡ್‌ಕ್ವಿಸ್ಟ್. ಬಾಗಿಲಲ್ಲಿ ಇಬ್ಬರೂ ಎದುರಾದರು. "ತುಂಬಾ ಸಾರಿ ಮ್ಯಾಮ್, ನಿಜವಾಗ್ಲೂ ಸಾರಿ" ಎಂದು ಪಿಸುಗುಟ್ಟಿದ. ಆಮೇಲೆ ಒಳಗೆ ಹೋಗಿ ಕೂತ. ಅವನ ಅಂಗಿಯ ಐವತ್ತೊಂದನೆಯ ನಕ್ಷತ್ರಕ್ಕೂ ಆ ದಿನ ಸೀಟು ಸಿಕ್ಕಿತು.

ಏಜೆನ್ಸಿ ಮತ್ತೆ ಫೋನ್ ಮಾಡಲಿಲ್ಲ. ಟಿಬ್ಸ್ ಆರು ವಾರ ಮಾತು ಬಿಟ್ಟ, ಆಮೇಲೆ ಒಂದು ಭಾನುವಾರ ಚರ್ಚಿನ ಹೊರಗೆ ಅವರ ಟೋಪಿಯನ್ನು ಆಡಿಕೊಂಡು ಮಾತು ಶುರುಮಾಡಿದ. ಮಸೂದೆ ಮುಂದೆ ಕೆಳಮನೆಯಲ್ಲಿ ಪಾಸಾಯಿತು. ಮೇಲ್ಮನೆ ಅದನ್ನು ಮೇಲಕ್ಕೇ ಎತ್ತಲಿಲ್ಲ. ಪೀಟರ್‌ನ ವರದಿ ಬಂದಿತಂತೆ, ಒಳ್ಳೆಯ ಕಾಗದದಲ್ಲಿ. ಅದರಲ್ಲಿ 'ಸ್ಥಳೀಯ ದನಿಗಳು' ಎಂದೊಂದು ಅಧ್ಯಾಯವಿತ್ತಂತೆ. ನಾವ್ಯಾರೂ ಓದಿಲ್ಲ.

ಆದರೆ ಮಸೂದೆ ಪಾಸಾಗುವುದಕ್ಕೂ ಮುಂಚೆ ಕೋರ್ಟಿನ ದಿನ ಬಂತು. ಸಭೆಗೆ ಅಡ್ಡಿ ಮಾಡಿದ ಅಪರಾಧ. ಸಣ್ಣ ಮೊತ್ತ ಕಟ್ಟಿದರೆ ಅಲ್ಲಿಗೆ ಮುಗಿಯುತ್ತದೆ, ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಪೊಲೀಸಿನವರೇ ಹೇಳಿದ್ದರು. ಮಿಸ್ ವರ್ನೆಟ್ಟಾ ಕಟ್ಟಲಿಲ್ಲ. "ಎಲ್ಲದಕ್ಕೂ ಕಟ್ಟಿ ಕಟ್ಟಿ ಸಾಕಾಗಿದೆ. ಒಂದಕ್ಕಾದ್ರೂ ಉತ್ತರ ಕೊಡ್ತೀನಿ" ಎಂದರು.

ಕೋರ್ಟಿಗೆ ನಾವು ಬೀದಿಯ ಒಂದಷ್ಟು ಜನ ಹೋಗಿದ್ದೆವು. ಮಿಸ್ ವರ್ನೆಟ್ಟಾ ಚರ್ಚಿನ ಟೋಪಿಯನ್ನೇ ಹಾಕಿಕೊಂಡು ಬಂದಿದ್ದರು. ನಮ್ಮ ಊರಿನ ಕೋರ್ಟಾದರೂ ನ್ಯಾಯಾಧೀಶರನ್ನು ನೇಮಿಸುವವರು ದೇಶದ ಅಧ್ಯಕ್ಷರು, ಒಪ್ಪುವುದು ಮೇಲ್ಮನೆ, ಅಂದರೆ ನಮ್ಮವರೊಬ್ಬರೂ ಇಲ್ಲದ ಆ ಮನೆ. ನಮ್ಮ ತಪ್ಪನ್ನು ತೂಗುವವರನ್ನು ಆರಿಸುವುದೂ ಪಕ್ಕದ ಮನೆಯವರೇ. ಸರ್ಕಾರವೇ ಕೊಟ್ಟ ವಕೀಲೆ ಚಿಕ್ಕ ಹುಡುಗಿ, ಕೈಯಲ್ಲಿ ಹೊರಲಾರದಷ್ಟು ಕೇಸು. ಕಾರಿಡಾರಿನಲ್ಲಿ ಮಿಸ್ ವರ್ನೆಟ್ಟಾರ ಮಂಡಿ ನೋಡಿ ಅವಳಿಗೆ ಕನಿಕರವಾಯಿತು.

"ಮಿಸ್ ಪಂಫ್ರಿ, ಇವತ್ತು ಬರೀ ದಿನಾಂಕ ಹಾಕೋದು ಅಷ್ಟೇ. ನೀವು ಮನೆಗೆ ಹೋಗಿ ಕಾಲು ಚಾಚ್ಕೊಳಿ. ನಿಮ್ಮ ಬದಲು ನಾನು ನಿಂತ್ಕೋತೀನಿ ಅಂತ ಕೇಳಿ ನೋಡ್ತೀನಿ."

ಒಳಗೆ ಹೋಗಿ ಕೇಳಿಯೂ ಕೇಳಿದಳು. ನ್ಯಾಯಾಧೀಶೆ ಕನ್ನಡಕದ ಮೇಲಿನಿಂದ ನೋಡಿದರು. "ಆಗೋದಿಲ್ಲ, ವಕೀಲರೇ. ಆರೋಪಿ ಖುದ್ದಾಗಿ ಇರಬೇಕು. ಅವರ ಬದಲು ಇನ್ನೊಬ್ಬರು ನಡೆಯೋದಿಲ್ಲ."

ಮಿಸ್ ವರ್ನೆಟ್ಟಾ ಮುಂದೆ ಬಂದರು. ಮರದ ಗಟ್ಟಿ ಕುರ್ಚಿ. ಮೆತ್ತೆಯಿಲ್ಲ, ಬಣ್ಣವಿಲ್ಲ. ಅದರ ಬೆನ್ನಿಗೆ ಕೈಯಿಟ್ಟು ನಿಂತರು.

"ಕೂತ್ಕೊಳಿ, ಮಿಸ್ ಪಂಫ್ರಿ" ಎಂದರು ನ್ಯಾಯಾಧೀಶೆ.

"ಇಲ್ಲಿ ಬೇರೆ ಯಾರೂ ಕೂರೋ ಹಾಗಿಲ್ವಾ, ಯುವರ್ ಆನರ್?"

"ಇಲ್ಲ."

"ದುಡ್ಡು ಕೊಟ್ಟವರೂ? ನನ್ನ ಪರವಾಗಿ ಬಂದವರೂ?"

"ಯಾರೂ ಇಲ್ಲ. ಅದು ನಿಮ್ಮದೇ ಸೀಟು."

ಹಿಂದಿನ ಸಾಲಿನಲ್ಲಿ ಟಿಬ್ಸ್ ಕೆಮ್ಮತೊಡಗಿದ. ಮಿಸ್ ವರ್ನೆಟ್ಟಾ ಟೋಪಿ ಸರಿಮಾಡಿಕೊಂಡರು, ಕುರ್ಚಿ ಎಳೆದುಕೊಂಡು ನಿಧಾನವಾಗಿ, ಪೂರ್ತಿಯಾಗಿ ಕೂತರು. ಕೈಚೀಲವನ್ನು ಮೇಜಿನ ಮೇಲಿಟ್ಟರು.

"ಹಾಗಾದ್ರೆ ಶುರು ಮಾಡಿ" ಎಂದರು ತಗ್ಗಿದ ದನಿಯಲ್ಲಿ. "ಹೇಳೋದು ತುಂಬಾ ಇದೆ. ನನಗಂತೂ ಅವಸರ ಇಲ್ಲ."